ಮೇಷ್ಟ್ರಿಗೂ ಮೇಷ್ಟ್ರು ಬೇಕಲ್ಲ

1982, ಉಜಿರೆ. ಧರ್ಮಸ್ಥಳದ ಟ್ರಸ್ಟು ಸಿಂಡಿಕೇಟ್, ಕೆನರಾ ಬ್ಯಾಂಕುಗಳ ಜೊತೆ ಸೇರಿ ನಿರುದ್ಯೋಗಿ ಯುವಕರಿಗಾಗಿ ರುಡ್‌ಸೆಟ್ ಸಂಸ್ಥೆ ಕಟ್ಟಿತು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಕಲಿಸಿ ಕೈತೊಳೆದುಕೊಳ್ಳಲಿಲ್ಲ, ಸಾಲ ಸಿಕ್ತಾ, ಅಂಗಡಿ ನಡೀತಿದೆಯಾ ಅಂತ ಎರಡು ವರ್ಷ ಬೆನ್ನು ಹತ್ತಿ ವಿಚಾರಿಸೋದೇ ಅದರ ಪಟ್ಟು.

2009ರಲ್ಲಿ ಕೇಂದ್ರ ಸರ್ಕಾರ ಇದೇ ಮಾದರಿಯನ್ನು ಆರ್‌ಸೆಟಿ ಹೆಸರಲ್ಲಿ ಜಿಲ್ಲೆಗೊಂದರಂತೆ ಹರಡಲು ಹೊರಟಿತು. ಅಷ್ಟೊಂದು ಕಡೆ ಕಲಿಸುವವರು ಎಲ್ಲಿಂದ ಬರ್ಬೇಕು? ಬ್ಯಾಂಕಿನ ಮೇಜು ಬಿಟ್ಟು ಬಂದ ಅಧಿಕಾರಿಗೆ ಪಾಠ ಮಾಡೋದು ಗೊತ್ತಿರುತ್ತಾ? ಬೆಂಗಳೂರಿನ ರುಡ್‌ಸೆಟ್ ರಾಷ್ಟ್ರೀಯ ಅಕಾಡೆಮಿ ಆ ಮೇಷ್ಟ್ರುಗಳನ್ನೇ ತಯಾರು ಮಾಡಿತು. (ಹೊಲಿಗೆ ಯಂತ್ರ ಹಂಚಿದರೆ ಫೋಟೋ ಬರುತ್ತೆ, ಈ ಖರ್ಚಿಗೆ ಬರಲ್ಲ.)

ಉತ್ತರ ಕನ್ನಡದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇರೋದು ಕಾರವಾರದಲ್ಲಲ್ಲ, ಹಳಿಯಾಳದಲ್ಲಿ. ದಾಂಡೇಲಿ, ಜೋಯಿಡಾ, ಮುಂಡಗೋಡದವರಿಗೆ ಘಟ್ಟ ಇಳಿಯೋದು ತಪ್ಪಿತು.