ಟೆನಿಸ್ ಅಂಗಳಕ್ಕೆ ಗೆರಿ ಎಳೆದ ಧಾರವಾಡದ ಹುಡುಗ

ಸ್ವಲ್ಪ ಉದ್ದ ಬರಹ ಐತಿ, ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದ್ರಿ.

ಹೋದ ವಾರ ನಾಲತವಾಡದಾಗ ನಮ್ಮ ಓಣಿ ಹುಡುಗ ಒಬ್ಬ ಮೊಬೈಲ್ ಹಿಡ್ಕೊಂಡು ಬಂದ. ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ಅವರ ಹಳೇ ವಿಡಿಯೊ. 2001ರ ಮಾರ್ಚ್ ತಿಂಗಳು, ಅಮೆರಿಕದ ಇಂಡಿಯನ್ ವೆಲ್ಸ್ ಟೂರ್ನಿಯ ಫೈನಲ್. ಅದಕ್ಕೂ ಮೊದಲು ಅಕ್ಕ ವೀನಸ್ ಗಾಯ ಆಗೇತಿ ಅಂತ ಸೆಮಿಫೈನಲ್‌ನಿಂದ ಹಿಂದ ಸರಿದಿದ್ದರು. ಅದನ್ನ ಅಪ್ಪ-ಮಕ್ಕಳ ಒಳಸಂಚು ಅಂತ ಜನ ತಾವೇ ತೀರ್ಮಾನ ಮಾಡಿಬಿಟ್ಟಿದ್ದರು. 19 ವರ್ಷದ ಸೆರೆನಾ ಅಂಗಳಕ್ಕೆ ಇಳಿದ ಕೂಡಲೇ ಆಕೆಯದೇ ದೇಶದ ಜನ ಕೂಗಿ ಅವಮಾನ ಮಾಡ್ತಾರ. ಆಕೆ ತಪ್ಪು ಹೊಡೆದಾಗ ಚಪ್ಪಾಳಿ ತಟ್ಟತಾರ. ಆದರೂ ಆಕೆ ಗೆದ್ದಳು. ಗ್ಯಾಲರಿಯಿಂದ ಕರಿಯರನ್ನ ಹೀಯಾಳಿಸೋ ಬೈಗುಳ ಬಂದವು ಅಂತ ತಂದೆ ರಿಚರ್ಡ್ ಆಮೇಲೆ ಹೇಳಿದರು. ಆ ಟೂರ್ನಿಗೆ ಸೆರೆನಾ ಮತ್ತೆ ಕಾಲಿಟ್ಟದ್ದು 2015ರಲ್ಲಿ, 14 ವರ್ಷದ ಮೇಲೆ.

ಹುಡುಗ ಕೇಳಿದ: "ಕಾಕಾ, ನಮ್ಮವರಾಗ ಹಿಂಗ ಚಾಂಪಿಯನ್ ಆದವರು ಯಾರೂ ಇಲ್ಲೇನ್ರಿ? ಇದ್ದಿದ್ರ ಅವರನ್ನ ಜನ ಹೆಂಗ ನೋಡ್ತಿದ್ರು?"

ಅದಾರಪ್ಪಾ ಅಂದೆ. ದೂರದವರಲ್ಲ, ಹುಟ್ಟಿದ್ದು ಇಲ್ಲೇ ನಮ್ಮ ಧಾರವಾಡದಾಗ. ಹೆಸರು ಪಲ್ವಂಕರ್ ಬಾಳೂ. ಹುಡುಗ ಕೇಳೇ ಇರಲಿಲ್ಲ. ಅವನ ತಪ್ಪಲ್ಲ, ನಾವು ಹೇಳಿಲ್ಲ. ಅದಕ್ಕೇ ಈ ಬರಹ.

ಬಾಳೂ ಹುಟ್ಟಿದ್ದು 1876ರಲ್ಲಿ. ಆಗ ಧಾರವಾಡ, ಬಿಜಾಪುರ, ಪುಣೆ ಎಲ್ಲಾ ಮುಂಬಯಿ ಪ್ರಾಂತ್ಯದೊಳಗೇ ಇದ್ದವು. ಕುಟುಂಬ ಚಾಂಭಾರ ಸಮುದಾಯದ್ದು. ನಮ್ಮ ಕಡೆ ಸಮಗಾರರು ಅಂತೀವಲ್ಲ, ಅದೇ ಚರ್ಮದ ಕಸುಬಿನವರು. ತಂದೆಗೆ ಸೈನ್ಯಕ್ಕೆ ಸಂಬಂಧಪಟ್ಟ ಕೆಲಸ, ಹಿಂಗಾಗಿ ಮನೆತನ ಪುಣೆಗೆ ಹೋಯ್ತು. ಅಲ್ಲಿ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಾಗ ಪಿಚ್ ಗುಡಿಸೋದು, ರೋಲರ್ ಎಳೆಯೋದು ಬಾಳೂನ ಮೊದಲ ನೌಕರಿ. ಪಗಾರ ತಿಂಗಳಿಗೆ 3 ರೂಪಾಯಿ. ಆಮೇಲೆ 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದ, ಅಲ್ಲಿ 4 ರೂಪಾಯಿ. ಪಿಚ್ ತಯಾರು ಮಾಡಬೇಕು, ನೆಟ್ ಕಟ್ಟಬೇಕು, ಮತ್ತ ಸಾಹೇಬರು ಟೆನಿಸ್ ಆಡೋ ಅಂಗಳಕ್ಕೆ ಗೆರಿ ಎಳೆಯಬೇಕು.

ಗೆರಿ ಎಳೆಯೋ ಕೆಲಸ ಅವನದು. ಆ ಗೆರಿ ಒಳಗ ನಿಂತು ಆಡೋರು ಬ್ಯಾರೆಯವರು.

ಆದರ ಅವನ ಎಡಗೈಯೊಳಗ ಏನೋ ಇತ್ತು. ಸಾಹೇಬರಿಗೆ ನೆಟ್‌ನಾಗ ಚೆಂಡು ಹಾಕ್ತಾ ಹಾಕ್ತಾ ದೊಡ್ಡ ಸ್ಪಿನ್ ಬೌಲರ್ ಆದ. ಗ್ರೇಗ್ ಅನ್ನೋ ಇಂಗ್ಲಿಷ್ ಬ್ಯಾಟ್ಸ್‌ಮನ್ ತನ್ನನ್ನ ಔಟ್ ಮಾಡಿದಾಗಲೆಲ್ಲ ಬಾಳೂಗೆ ಎಂಟಾಣೆ ಕೊಡ್ತಿದ್ದ ಅಂತ ಒಂದು ಕಥಿ ಐತಿ. ಎಂಟಾಣೆ ಕೊಟ್ಟಿರಬಹುದು, ಆದರ ಆ ಕ್ಲಬ್ಬಿನಾಗ ಬ್ಯಾಟ್ ಮಾತ್ರ ಅವನ ಕೈಗೆ ಕೊಡಲಿಲ್ಲ. ಬ್ಯಾಟಿಂಗ್ ದೊಡ್ಡವರ ಕೆಲಸ, ಬೌಲಿಂಗ್ ಆಳಿನ ಕೆಲಸ. ಕಸುಬಿನಾಗ ಮೇಲು-ಕೀಳು ಮಾಡೋದು ನಮಗ ಹೊಸದೇನಲ್ಲ, ಆಟದಾಗೂ ಅದೇ ಬಂತು.

ಮುಂದ ಪುಣೆಯ ಹಿಂದೂ ತಂಡ ಯುರೋಪಿಯನ್ನರ ಮ್ಯಾಲೆ ಗೆಲ್ಲಬೇಕಾಗಿತ್ತು. ಗೆಲ್ಲಬೇಕಂದ್ರ ಬಾಳೂ ಬೇಕು. ಬಹಳ ಚರ್ಚೆ ಆಗಿ ಕಡೀಗೆ ಸೇರಿಸಿಕೊಂಡರು. ಅಂಗಳದಾಗ ಅವನು ಮುಟ್ಟಿದ ಚೆಂಡನ್ನ ಬ್ರಾಹ್ಮಣ ಆಟಗಾರರೂ ಹಿಡಿದರು, ತಿರುಗಿ ಅವನ ಕೈಗೇ ಎಸೆದರು. ಚೆಂಡು ಯಾತರದು? ಚರ್ಮದ್ದು! ಅದಕ್ಕೆ ಮೈಲಿಗಿ ಇಲ್ಲ. ಆದರ ಚಹಾದ ಹೊತ್ತಿಗೆ ಉಳಿದವರು ಪೆವಿಲಿಯನ್ ಒಳಗ ಪಿಂಗಾಣಿ ಕಪ್ಪಿನಾಗ ಕುಡಿದರೆ, ಬಾಳೂಗೆ ಹೊರಗ, ಕುಡಿದು ಒಗೆಯೋ ಮಣ್ಣಿನ ಕುಡಿಕ್ಯಾಗ ಚಹಾ. ಊಟಕ್ಕ ಬ್ಯಾರೆ ತಾಟು, ಬ್ಯಾರೆ ಮೇಜು. ಮುಖ ತೊಳಕೋಬೇಕಂದ್ರ ಕ್ಲಬ್ಬಿನ ಅಸ್ಪೃಶ್ಯ ಆಳು ಮೈದಾನದ ಮೂಲ್ಯಾಗ ನಿಂತು ನೀರು ಹಾಕಬೇಕು. ನಮ್ಮ ಕಡೆ ಹಿರಿಯರನ್ನ ಕೇಳ್ರಿ, ಚಹಾದಂಗಡಿ ಮಾಡಿನಾಗ ಸಿಗಿಸಿಟ್ಟ ಬ್ಯಾರೆ ಬಟ್ಟಲದ ನೆನಪು ಅವರಿಗೆ ಇನ್ನೂ ಐತಿ. ವಿಕೆಟ್ ತಗೊಂಡವನಿಗೂ ಅದೇ ಬಟ್ಟಲ.

ಅಂದ್ರ ಮುಟ್ಟೋ-ಮುಟ್ಟಬಾರದ ನಿಯಮ ಗೆಲುವಿಗೆ ಎಷ್ಟು ಬೇಕೋ ಅಷ್ಟು ಮಾತ್ರ ಸಡಿಲ ಆಯ್ತು, ಒಂದು ಇಂಚೂ ಹೆಚ್ಚಿಲ್ಲ.

ಈಗ ಪತ್ರಿಕೆಗಳ ವಿಷಯಕ್ಕ ಬರೋಣ. 1906ರ ಫೆಬ್ರವರಿಯಲ್ಲಿ ಮುಂಬಯಿದಾಗ ಹಿಂದೂ ತಂಡ ಯುರೋಪಿಯನ್ನರನ್ನ 109 ರನ್ನುಗಳಿಂದ ಸೋಲಿಸಿತು. ಬಾಳೂ ಆ ಪಂದ್ಯದಾಗ 8 ವಿಕೆಟ್ ತೆಗೆದ, ತಮ್ಮ ಶಿವರಾಮನೂ ಆಡಿದ್ದ. ಹಿಂದಿನ ವರ್ಷವೇ ಬಂಗಾಳ ವಿಭಜನೆ ಆಗಿ ಸ್ವದೇಶಿ ಚಳವಳಿ ಕಾವೇರಿತ್ತು. ಬಿಳಿಯರನ್ನ ಸೋಲಿಸಿದ್ದು ದೊಡ್ಡ ಸುದ್ದಿ ಆಯ್ತು. ಆಗಿನ ಸುಧಾರಣಾವಾದಿ ಪತ್ರಿಕೆ 'ಇಂಡಿಯನ್ ಸೋಷಿಯಲ್ ರಿಫಾರ್ಮರ್' ಬಹಳ ಸಂತೋಷದಿಂದ ಬರೆಯಿತು. ಈ ಅಣ್ಣ-ತಮ್ಮಂದಿರನ್ನ ಹಿಂದೂ ಜಿಮಖಾನಾ ಸೇರಿಸಿಕೊಂಡದ್ದು ಎಲ್ಲರಿಗೂ ಶೋಭೆ ತರೋ ಕೆಲಸ, ಹಿಂದೂ ಯುವಕರ ಮನಸ್ಸು ತೆರೆಯಲಿಕ್ಕೆ ಬೇರೆಲ್ಲಾ ಪ್ರಯತ್ನಕ್ಕಿಂತ ಇದು ಹೆಚ್ಚು ಕೆಲಸ ಮಾಡಿದೆ ಅನ್ನೋದು ಅದರ ಸಾರ.

ಒಳ್ಳೆ ಮನಸ್ಸಿನಿಂದಲೇ ಬರೆದ ಮಾತು, ನಾನು ಇಲ್ಲ ಅನ್ನೂದಿಲ್ಲ. ಆದರ ಹೊಗಳಿಕಿ ಯಾರ ಪಾಲಿಗೆ ಹೋಯ್ತು ನೋಡ್ರಿ. ವಿಕೆಟ್ ತೆಗೆದದ್ದು ಬಾಳೂ, ಶ್ರೇಯ "ಒಳಗ ಬಿಟ್ಟವರಿಗೆ". ಬಾಗಿಲು ಹಾಕಿದವರೂ ಅವರೇ. ಒಂದು ದಿನ ಬಾಗಿಲು ತೆರೆದರೆ ದೊಡ್ಡ ಮನಸ್ಸಿನವರೂ ಅವರೇ!

1911ರಲ್ಲಿ ಪಟಿಯಾಲ ಮಹಾರಾಜರ ನಾಯಕತ್ವದಾಗ ಭಾರತ ತಂಡ ಇಂಗ್ಲೆಂಡಿಗೆ ಹೋಯ್ತು. ತಂಡ ಸೋತದ್ದೇ ಹೆಚ್ಚು, ಆದರ ಬಾಳೂ ಆ ಪ್ರವಾಸದಾಗ ಒಟ್ಟು 114 ವಿಕೆಟ್ ತೆಗೆದ. ತಿರುಗಿ ಬಂದಾಗ ಮುಂಬಯಿಯ ದಲಿತ ಜನ ಸತ್ಕಾರ ಮಾಡಿದರು. ಆ ಸಭೆಯ ಮಾನಪತ್ರ ಬರೆದದ್ದು ಯಾರು ಗೊತ್ತಾ? ಆಗಿನ್ನೂ ಬಿಎ ಮುಗಿಸದ ಇಪ್ಪತ್ತರ ಯುವಕ ಭೀಮರಾವ್ ಅಂಬೇಡ್ಕರ್. ನಮ್ಮವರು ಬರೆದ ಆ ಮಾನಪತ್ರದ ಗೌರವ ಬಾಗಿಲು ತೆರೆದವರಿಗಲ್ಲ, ಚೆಂಡು ಹಾಕಿದವನಿಗೆ.

ಇಷ್ಟಾದ ಮೇಲೂ ಹಿಂದೂ ತಂಡದ ನಾಯಕತ್ವ ಬಾಳೂಗೆ ಸಿಗಲಿಲ್ಲ. 1913ರಲ್ಲಿ ಎಂ.ಡಿ. ಪೈ ಅವರನ್ನ ನಾಯಕ ಮಾಡಿದರು. ಈ ಗೌರವ ಬಾಳೂಗೆ ಸಲ್ಲಬೇಕಿತ್ತು ಅಂತ ಪೈ ಅವರೇ ಹೇಳಿದರು, ಅವರ ದೊಡ್ಡತನಕ್ಕ ನಮಸ್ಕಾರ. 1920ರಲ್ಲಿ ಪೈ ಇಲ್ಲದ ಪಂದ್ಯಕ್ಕ ಬಾಳೂನ್ನ ತಂಡದಿಂದಲೇ ಕೈಬಿಟ್ಟು, ಅನುಭವಿಗಳಾದ ತಮ್ಮಂದಿರನ್ನೂ ದಾಟಿ, ದೇವಧರ್ ಅವರಿಗೆ ನಾಯಕತ್ವ ಕೊಟ್ಟರು. ಶಿವರಾಮ್ ಮತ್ತು ವಿಠ್ಠಲ ಆಡೂದಿಲ್ಲ ಅಂತ ಹೊರಗೆ ನಿಂತರು, ಜಾತಿ ಕಾರಣಕ್ಕೆ ಅನ್ಯಾಯ ಆಗೇತಿ ಅಂತ ಬಹಿರಂಗ ಹೇಳಿಕೆ ಕೊಟ್ಟರು. ಗದ್ದಲ ಎದ್ದಿತು. ಫೈನಲ್‌ಗೆ ಬಾಳೂನ್ನ ಉಪನಾಯಕ ಮಾಡಿ ಕರೆದರು. ಪೈ ಬೇಕಂತಲೇ ಅಂಗಳ ಬಿಟ್ಟು ಹೊರಗ ಹೋಗಿ, ಸ್ವಲ್ಪ ಹೊತ್ತಾದರೂ ಬಾಳೂ ತಂಡ ನಡೆಸೋ ಹಂಗ ಮಾಡಿದರು. ಆಗ ಬಾಳೂಗೆ 44 ವರ್ಷ. 1923ರಲ್ಲಿ ತಮ್ಮ ವಿಠ್ಠಲ ನಾಯಕನಾದ, ತಂಡ ಗೆದ್ದಿತು. ಆ ಕುರ್ಚಿ ಹೊಗಳಿಕಿಯಿಂದ ಬಂದದ್ದಲ್ಲ, "ಆಡೂದಿಲ್ಲ" ಅಂದದ್ದಕ್ಕ ಬಂದದ್ದು. ಸೆರೆನಾ 14 ವರ್ಷ ಹೋಗಲಿಲ್ಲವಲ್ಲ, ಅದಕ್ಕೂ ಇದಕ್ಕೂ ನಂಟು ಐತಿ.

ಟೆನಿಸ್‌ನಾಗೂ ಮೊದಲಿಂದ ಇದೇ ಹಾಡು. ಸೆರೆನಾಗಿಂತ ಬಹಳ ಮೊದಲು ಆಲ್ತಿಯಾ ಗಿಬ್ಸನ್ ಅನ್ನೋ ಕಪ್ಪು ಹೆಣ್ಣುಮಗಳು ಇದ್ದಳು. ಅಮೆರಿಕದ ರಾಷ್ಟ್ರೀಯ ಟೂರ್ನಿಯೊಳಗೆ ಆಕೆಗೆ ಪ್ರವೇಶ ಸಿಕ್ಕದ್ದು 1950ರಲ್ಲಿ, ಅದೂ ಆಲಿಸ್ ಮಾರ್ಬಲ್ ಅನ್ನೋ ಬಿಳಿಯ ಚಾಂಪಿಯನ್ ಟೆನಿಸ್ ಪತ್ರಿಕೆಯೊಳಗೆ ಕಟುವಾಗಿ ಬರೆದ ಮೇಲೆ. 1957ರಲ್ಲಿ ವಿಂಬಲ್ಡನ್ ಗೆದ್ದು ರಾಣಿ ಎಲಿಜಬೆತ್ ಕೈಯಿಂದ ಬಹುಮಾನ ತಗೊಂಡಳು, ನ್ಯೂಯಾರ್ಕ್ ಬೀದಿಯೊಳಗೆ ಮೆರವಣಿಗೆ ಆಯ್ತು. ಆದರೆ ಆಗಿನ ಟೆನಿಸ್‌ನಾಗ ಬಹುಮಾನದ ಹಣ ಇರಲಿಲ್ಲ. ಮುಪ್ಪಿನಾಗ ಔಷಧಿ, ಬಾಡಿಗಿಗೂ ಕಷ್ಟ ಆಗಿ, ಹಳೇ ಗೆಳತಿ ಆಂಜೆಲಾ ಬಕ್ಸ್‌ಟನ್ ದುಡ್ಡು ಕೂಡಿಸಿ ಕೊಡಬೇಕಾಯ್ತು. ಇನ್ನೊಂದು ಮಾತು: ತಾನು ಆಟಗಾರ್ತಿ, ಜನಾಂಗದ ಬಾವುಟ ಹಿಡಿಯೋಕೆ ಬಂದವಳಲ್ಲ ಅಂತ ಆಕೆ ಅಂದದ್ದಕ್ಕೆ ಕಪ್ಪು ಜನರ ಪತ್ರಿಕೆಗಳೇ ಆಕೆ ಮೇಲೆ ಸಿಟ್ಟಾದವು.

ಈ ಕಡೇ ಮಾತು ನಮಗೂ ಮುಟ್ಟಬೇಕು. ಯಾಕಂದ್ರ ಬಾಳೂ ವಿಷಯದಾಗ ನಾವೂ ಸ್ವಲ್ಪ ಹಂಗೇ ಮಾಡೇವಿ.

ಮುಚ್ಚಿಡೋದು ಬ್ಯಾಡ. 1932ರಲ್ಲಿ ಬಾಳೂ ಗಾಂಧಿ ಕಡೆ ನಿಂತರು, ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರ ಪಟ್ಟಿಯೊಳಗೆ ಅವರ ಹೆಸರೂ ಐತಿ. 1937ರ ಚುನಾವಣೆಯೊಳಗೆ ಕಾಂಗ್ರೆಸ್ ಅವರನ್ನ ಮುಂಬಯಿದಾಗ ಸಾಕ್ಷಾತ್ ಬಾಬಾಸಾಹೇಬರ ವಿರುದ್ಧ ನಿಲ್ಲಿಸಿತು. ಬಾಬಾಸಾಹೇಬರಿಗೆ 13,245 ಮತ, ಬಾಳೂಗೆ 11,225. ನಮ್ಮ ಪುಣ್ಯ, ಬಾಬಾಸಾಹೇಬರು ಗೆದ್ದರು. ಈ ಕಾರಣಕ್ಕೆ ನಮ್ಮ ಎಷ್ಟೋ ಗೆಳೆಯರು "ಅವನು ಗಾಂಧಿ ಮನಷ್ಯಾ, ಬಿಡ್ರಿ" ಅಂತಾರ. ಬಾಳೂ ನಿಲುವು ತಪ್ಪು ಅಂತ ನಾನೂ ಹೇಳ್ತೀನಿ. ಆದರ ಒಂದು ಪ್ರಶ್ನೆ ಕೇಳ್ರಿ. ಒಂದು ಕ್ರಿಕೆಟ್ ತಂಡದ ನಾಯಕತ್ವ ಕೊಡಲಿಕ್ಕೆ ಮನಸ್ಸು ಬರದ ಸಮಾಜಕ್ಕ, ಅಂಬೇಡ್ಕರ್ ವಿರುದ್ಧ ಟಿಕೆಟ್ ಕೊಡೋವಾಗ ಮಾತ್ರ ಬಾಳೂ "ಹೆಸರಾಂತ ನಾಯಕ" ಹೆಂಗ ಆದ? ಬಿಳಿಯರ ಮ್ಯಾಲೆ ಗೆಲ್ಲಲಿಕ್ಕೆ ಅವನ ಕೈ ಬೇಕಾಗಿತ್ತು, ನಮ್ಮ ಮ್ಯಾಲೆ ಗೆಲ್ಲಲಿಕ್ಕೆ ಅವನ ಹೆಸರು ಬೇಕಾಗಿತ್ತು. ಸಿಟ್ಟು ಮಾಡಬೇಕಾದ್ದು ಯಾರ ಮ್ಯಾಲೆ ಅಂತ ಯೋಚನೆ ಮಾಡ್ರಿ.

ಬಾಳೂ ತೀರಿಕೊಂಡದ್ದು 1955ರ ಜುಲೈಯಲ್ಲಿ. ಅವರು ಅವನನ್ನ ಜಾತಿ ಕಾರಣಕ್ಕೆ ಮರೆತರು, ನಾವು ಚುನಾವಣೆ ಕಾರಣಕ್ಕೆ ಮರೆತೆವು. ನಷ್ಟ ಆದದ್ದು ಮೊಬೈಲ್ ಹಿಡ್ಕೊಂಡು ಬಂದ ಆ ಹುಡುಗನಿಗೆ.

"ಅದೆಲ್ಲಾ ಹಳೇ ಕಾಲ, ಈಗ ಎಲ್ಲೈತಿ ಜಾತಿ" ಅನ್ನೋರಿಗೆ 2021ರ ಆಗಸ್ಟ್ ನೆನಪು ಮಾಡ್ತೀನಿ. ಟೋಕಿಯೊ ಒಲಿಂಪಿಕ್ಸ್‌ನಾಗ ದಕ್ಷಿಣ ಆಫ್ರಿಕಾ ವಿರುದ್ಧ ವಂದನಾ ಕಟಾರಿಯಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಹಾಕಿಯೊಳಗೆ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯ ಮಹಿಳೆ. ಪತ್ರಿಕೆ, ಟಿವಿ ತುಂಬ "ದೇಶದ ಮಗಳು". ಕೆಲವೇ ದಿನದಾಗ ಸೆಮಿಫೈನಲ್‌ನಾಗ ಅರ್ಜೆಂಟೀನಾ ಎದುರು ತಂಡ ಸೋತಿತು. ಹರಿದ್ವಾರ ಹತ್ರ ಅವರ ಮನಿ ಮುಂದ ಪಟಾಕಿ ಹಚ್ಚಿ ಕುಣಿದರು, ತಂಡದಾಗ ದಲಿತರು ಹೆಚ್ಚಾದದ್ದಕ್ಕ ಸೋತರು ಅಂತ ಜಾತಿ ಹಿಡಿದು ಬೈದರು ಅಂತ ಮನಿಯವರು ದೂರು ಕೊಟ್ಟರು, ಪೊಲೀಸರು ಬಂಧನ ಮಾಡಿದರು. ಗೆದ್ದಾಗ ದೇಶದ ಮಗಳು, ಸೋತಾಗ ಜಾತಿಯ ಮಗಳು.

ಇಷ್ಟೇ ನಾನು ಹೇಳಬೇಕಾದ್ದು. ನಮ್ಮವರು ಗೆದ್ದರೆ ಶ್ರೇಯ ಬಾಗಿಲು ತೆರೆದವರಿಗೆ, ಸೋತರೆ ಬೈಗುಳ ಹುಟ್ಟಿಗೆ. ಹಿಂಗಾಗಿ ಚಪ್ಪಾಳಿ ಎಷ್ಟು ಜೋರು ಅಂತ ನೋಡಿ ಮೋಸ ಹೋಗಬ್ಯಾಡ್ರಿ. ಚಹಾ ಯಾವ ಕಪ್ಪಿನಾಗ ಕೊಟ್ಟರು, ನಾಯಕ ಯಾರಾದರು, ಸೋತ ಮರುದಿನ ಅವರ ಮನಿ ಮುಂದ ಏನಾಯ್ತು, ಅದನ್ನ ನೋಡ್ರಿ.

ಮತ್ತ ಒಂದು ಕೆಲಸ. ಸಾಲಿ ಮಕ್ಕಳಿಗೆ, ಓಣಿ ಹುಡುಗರಿಗೆ, ಕಬಡ್ಡಿ ಆಡೋರಿಗೆ, ಕ್ರಿಕೆಟ್ ಆಡೋರಿಗೆ ಈ ಹೆಸರು ಹೇಳ್ರಿ: ಪಲ್ವಂಕರ್ ಬಾಳೂ, ಹುಟ್ಟಿದೂರು ಧಾರವಾಡ. ಅವರ ತಪ್ಪನ್ನೂ ಹೇಳ್ರಿ, ಅವರ 114 ವಿಕೆಟ್ಟನ್ನೂ ಹೇಳ್ರಿ. ಬ್ಯಾರೆಯವರು ಆಡೋ ಅಂಗಳಕ್ಕ ಗೆರಿ ಎಳೆದ ಹುಡುಗ ಆ ಗೆರಿ ದಾಟಿದ್ದು ಹೆಂಗ ಅನ್ನೋದನ್ನ ನಮ್ಮ ಮಕ್ಕಳು ನಮ್ಮ ಬಾಯಿಂದಲೇ ಕೇಳಬೇಕು.

ಜೈಭೀಮ್.