ಕಾಗೋಡಿನ ಕೊಳಗ ಮತ್ತು ಬಡವನ ‘ಮನಸ್ಥಿತಿ’

‘ಬಡವ ಬಡವನಾಗೇ ಇರೋದು ಅವನ ಮನಸ್ಥಿತಿಯಿಂದ, ಯೋಚನೆ ಬದಲಾದ್ರೆ ಬದುಕೂ ಬದಲಾಗುತ್ತೆ’ ಅನ್ನೋ ಮಾತು ಈಗ ಎಲ್ಲ ಕಡೆ ಕೇಳಿಬರ್ತಿದೆ. ಈ ಮಾತನ್ನ ನಾನು ಪೂರ್ತಿ ತಳ್ಳಿಹಾಕಲ್ಲ. ಆದ್ರೆ ಒಪ್ಪೋಕೆ ಮುಂಚೆ ಸಾಗರ ತಾಲ್ಲೂಕಿನ ಕಾಗೋಡನ್ನ ಒಂದ್ಸಲ ನೆನಪು ಮಾಡ್ಕೊಳ್ಳಿ.

ಅಲ್ಲಿನ ದೀವರು ಹೆಚ್ಚಾಗಿ ಗೇಣಿ ರೈತರು. ಗದ್ದೆ ಒಡೆಯರದ್ದು, ದುಡಿಮೆ ಇವರದ್ದು. ಸುಗ್ಗಿಯಾದ ಮೇಲೆ ಗೇಣಿ ಭತ್ತ ಅಳೆಯೋದು ಕೊಳಗದಲ್ಲಿ. ಒಡೆಯರ ಆ ಕೊಳಗ ರೂಢಿಯ ಅಳತೆಗಿಂತ ದೊಡ್ಡದು. ಎಣಿಕೆ ಸರಿಯಾಗೇ ಇರುತ್ತೆ, ಆದ್ರೆ ಪ್ರತಿ ಕೊಳಗದ ಜೊತೆ ಒಂದಿಷ್ಟು ಭತ್ತ ಲೆಕ್ಕಕ್ಕೇ ಸಿಗದೆ ಹೋಗುತ್ತೆ. ಅದು ಮಳೆಗಾಲದ ಗಂಜಿಗೆ ಬೇಕಿದ್ದ ಭತ್ತ.

ಇನ್ನೊಂದು ವಿಷ್ಯ ರೈತರಿಗೆ ಮಾತ್ರ ಬೇಗ ಅರ್ಥವಾಗುತ್ತೆ. ಅಡಿಕೆ ಸಸಿ ಫಸಲು ಕೊಡೋಕೆ ಐದಾರು ವರ್ಷವಾದ್ರೂ ಬೇಕು. ಬರೋ ವರ್ಷ ಒಡೆಯರು ಎಬ್ಬಿಸಿದ್ರೆ ಕೇಳೋರಿಲ್ಲ ಅನ್ನೋ ನೆಲದಲ್ಲಿ ಯಾರು ಸಸಿ ನೆಡ್ತಾರೆ? ಹೊರಗಿನವರ ಕಣ್ಣಿಗೆ ‘ದೂರದೃಷ್ಟಿ ಇಲ್ಲ’ ಅಂತ ಕಾಣೋದು ಗೇಣಿದಾರನ ಸರಿಯಾದ ಲೆಕ್ಕಾಚಾರ.

ಎಚ್. ಗಣಪತಿಯಪ್ಪನವರು ಈ ರೈತರನ್ನ ಸಂಘಟಿಸಿದ್ರು. ‘ಕೊಳಗ ಸರಿ ಮಾಡಿ’ ಅಂತ ಕೇಳಿದವರಿಗೆ ಉಳೋಕೆ ಗದ್ದೆಯೇ ಸಿಗದಂತಾಯ್ತು. 1951ರ ಏಪ್ರಿಲ್‌ನಲ್ಲಿ ಅವರು ನೇಗಿಲು ಹೊತ್ತು ಗದ್ದೆಗಿಳಿದ್ರು, ಬಂಧನಕ್ಕೊಳಗಾದ್ರು. ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತ್ರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದ್ರು, ಅವರನ್ನೂ ಬಂಧಿಸಿದ್ರು.

ಇಲ್ಲಿ ಮನಸ್ಸು ಕೆಲಸ ಮಾಡ್ಲಿಲ್ವಾ? ಖಂಡಿತ ಮಾಡ್ತು. ಒಡೆಯರ ಎದುರು ತಲೆಯೆತ್ತಿ ಮಾತಾಡೋಕೆ ಗುಂಡಿಗೆ ಬೇಕು. ಆದ್ರೆ ಮನಸ್ಸು ಗಟ್ಟಿಯಾದ ಕೂಡ್ಲೇ ಅವರಿಗೆ ಸಿಕ್ಕಿದ್ದು ಜೈಲು. ನೆಲಕ್ಕೆ ಮತ್ತೆ 23 ವರ್ಷ ಕಾಯ್ಬೇಕಾಯ್ತು. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ರಾಜ್ಯದ ಗೇಣಿದಾರರು ಫಾರಂ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತ್ರು. ಗೆದ್ದವರ ಹೆಸರು ಪಹಣಿಗೆ ಬಂತು. ಆಮೇಲೆ ಅಡಿಕೆ ನೆಡೋದು ಬುದ್ಧಿವಂತಿಕೆ ಆಯ್ತು. ನೆಡೋ ಕೈ ಹಳೇದೇ.

ಆ ಕಾನೂನು ಮುಟ್ಟದೇ ಹೋದವರೂ ಇದ್ದಾರೆ. ಗೇಣಿಯೇ ಇಲ್ಲದ, ಬರೀ ಕೂಲಿಗೆ ದುಡಿದವನು ಫಾರಂ 7ರಲ್ಲಿ ಏನಂತ ಬರೀಬೇಕಿತ್ತು? ಅದೇ ಕೆಸರಲ್ಲಿ ಅವನೂ ಅಷ್ಟೇ ದುಡಿದಿದ್ದ. ಅವನ ಮೊಮ್ಮಗ ಇವತ್ತೂ ನಮ್ಮ-ನಿಮ್ಮ ತೋಟಕ್ಕೆ ಕೂಲಿಗೆ ಬರ್ತಿದ್ರೆ, ಅವನಿಗೆ ಮನಸ್ಥಿತಿಯ ಪಾಠ ಹೇಳೋಕೆ ಮುಂಚೆ ಈ ಲೆಕ್ಕ ಒಮ್ಮೆ ನೋಡೋಣ.