ಕೆಂಪು ಶಾಯಿ ಮತ್ತು ಬೆಂಗಳೂರು ಪ್ರಾಜೆಕ್ಟ್

ನಾನು ಹಿರಿಯೂರು ತಾಲ್ಲೂಕಿನ ಹೈಸ್ಕೂಲೊಂದಕ್ಕೆ ಇಂಗ್ಲಿಷ್ ಮೇಷ್ಟ್ರಾಗಿ ಸೇರಿದ ಹೊಸತು. ಒಬ್ಬ ಹುಡುಗ ನೋಟ್‌ಬುಕ್ಕಿನಲ್ಲಿ ‘ಹೀ ಮೈ ಬ್ರದರ್’ ಎಂದು ಬರೆದಿದ್ದ. ಕೆಂಪು ಶಾಯಿಯಲ್ಲಿ ಗೀಟು ಎಳೆದು, “ಈಸ್ ಎಲ್ಲಿ ಹೋಯ್ತೋ? ನುಂಗಿಬಿಟ್ಟೆಯಾ?” ಅಂದೆ. ತರಗತಿಯೆಲ್ಲ ನಕ್ಕಿತು. ಆಮೇಲೆ ಅವನು ಕೈ ಎತ್ತಿದ್ದನ್ನು ನಾನು ನೋಡಲಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಎಲ್ಲ ವಿಷಯಗಳಲ್ಲೂ ಪಾಸಾಗಿ ಇಂಗ್ಲಿಷ್ ಒಂದರಲ್ಲೇ ಕೂತ. ಮತ್ತೆ ಪರೀಕ್ಷೆ ಕಟ್ಟಲು ಬರಲೇ ಇಲ್ಲ.

ನನಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರೂ ಹಾಗೇ ಇದ್ದರು. ಆಗ ಸರ್ಕಾರಿ ಶಾಲೆಗಳಲ್ಲಿ ಐದನೇ ತರಗತಿಗೆ ಇಂಗ್ಲಿಷ್ ಶುರು. ಪುಸ್ತಕ ಎತ್ತಿ ಹಿಡಿದು ‘ದಿಸ್ ಈಸ್ ಎ ಬುಕ್’ ಅನ್ನುತ್ತಿದ್ದರು, ನಾವು ಒಕ್ಕೊರಲಿನಿಂದ ಹೇಳುತ್ತಿದ್ದೆವು. ಅದು ಪುಸ್ತಕ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲದೆ ಇರಲಿಲ್ಲ. ಆದರೂ ದಿನವೂ ಹೇಳುತ್ತಿದ್ದೆವು.

ತೊಂಬತ್ತರ ದಶಕದ ಮಧ್ಯದಲ್ಲಿ ಹೈದರಾಬಾದಿನ ಸಿಐಇಎಫ್‌ಎಲ್‌ನ ಅಂಚೆ ಶಿಕ್ಷಣದಲ್ಲಿ ಇಂಗ್ಲಿಷ್ ಬೋಧನೆಯ ಸ್ನಾತಕೋತ್ತರ ಕೋರ್ಸಿಗೆ ಹೆಸರು ಹಚ್ಚಿದೆ. ನಿಜ ಹೇಳಬೇಕೆಂದರೆ ಕಲಿಯುವ ಹಂಬಲಕ್ಕಿಂತ ಬಡ್ತಿಯ ಆಸೆ ದೊಡ್ಡದಿತ್ತು. ಅಂಚೆಯಲ್ಲಿ ಪಾಠದ ಕಟ್ಟುಗಳು ಬರುತ್ತಿದ್ದವು. ರಾತ್ರಿ ಮಕ್ಕಳು ಮಲಗಿದ ಮೇಲೆ ಓದುತ್ತಿದ್ದೆ.

ಆ ಸಂಸ್ಥೆಯ ಚರಿತ್ರೆ ನನಗೆ ನಿಧಾನವಾಗಿ ತಿಳಿಯಿತು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭಾಷಾವಿಜ್ಞಾನಕ್ಕೆ ಪ್ರತ್ಯೇಕ ವಿಭಾಗ ತೆರೆದದ್ದು 1957ರಲ್ಲಿ. ಹೈದರಾಬಾದಿನಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಹುಟ್ಟಿದ್ದು 1958ರಲ್ಲಿ. ಅಂದರೆ ನಮ್ಮದು ಒಂದೇ ವರ್ಷ ಚಿಕ್ಕದು. 1972ರಲ್ಲಿ ವಿದೇಶಿ ಭಾಷೆಗಳೂ ಸೇರಿ ಅದು ಸಿಐಇಎಫ್‌ಎಲ್ ಆಯಿತು, 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ದಕ್ಷಿಣದ ರಾಜ್ಯಗಳ ಶಾಲಾ ಶಿಕ್ಷಕರಿಗಾಗಿ ಬೆಂಗಳೂರಿನಲ್ಲಿ 1963ರಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬಂತು. ‘ದಿಸ್ ಈಸ್ ಎ ಬುಕ್’ ನನ್ನ ಮೇಷ್ಟ್ರ ಸ್ವಂತ ಹಟವೆಂದು ಭಾವಿಸಿದ್ದೆ. ಅದು ಆ ಕಾಲದ ಶಾಸ್ತ್ರವಾಗಿತ್ತು. ವಾಕ್ಯರಚನೆಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ, ಒಂದೊಂದನ್ನೂ ಸನ್ನಿವೇಶ ತೋರಿಸಿ ಬಾಯಿಪಾಠ ಮಾಡಿಸುವ ಪದ್ಧತಿ ಅದು. ಅವರಿಗೆ ತರಬೇತಿಯಲ್ಲಿ ಕಲಿಸಿದ್ದನ್ನೇ ಪಾಪ ಅವರು ನಿಷ್ಠೆಯಿಂದ ಮಾಡಿದ್ದರು.

ಸಂಪರ್ಕ ತರಗತಿಗೆಂದು ಬೇಸಿಗೆಯಲ್ಲಿ ಹೈದರಾಬಾದಿಗೆ ಹೋದಾಗ ಪಿಟ್ ಕಾರ್ಡರ್ ಎಂಬ ಎಡಿನ್‌ಬರೋ ವಿದ್ವಾಂಸ 1967ರಲ್ಲಿ ಬರೆದ ಲೇಖನವೊಂದನ್ನು ಓದಿಸಿದರು. ಕಲಿಯುವವರು ಮಾಡುವ ತಪ್ಪು ಮೈಗಳ್ಳತನವಲ್ಲ, ಅವರ ತಲೆಯಲ್ಲಿ ಆಗ ಕಟ್ಟಿಕೊಳ್ಳುತ್ತಿರುವ ನಿಯಮಗಳ ಗುರುತು ಎಂಬುದು ಅದರ ಸಾರ. ಗ್ರಂಥಾಲಯದಲ್ಲಿ ಕೂತು ಓದುತ್ತಿದ್ದಾಗ ಆ ಹುಡುಗ ನೆನಪಾದ. ‘ಅವನು ನನ್ನ ತಮ್ಮ’. ಕನ್ನಡದಲ್ಲಿ ಇದು ಪೂರ್ಣ ವಾಕ್ಯ. ಇದರಲ್ಲಿ ‘ಇದ್ದಾನೆ’ ಎಂದು ಸೇರಿಸಿದರೇ ಕಿವಿಗೆ ಒಂದು ಥರ. ಅವನು ಏನನ್ನೂ ನುಂಗಿರಲಿಲ್ಲ. ಕನ್ನಡದ ವ್ಯಾಕರಣವನ್ನು ಸರಿಯಾಗಿ ಬಲ್ಲವನಾಗಿ, ಆ ಬಲದ ಮೇಲೆ ಇನ್ನೊಂದು ಭಾಷೆಗೆ ಕಾಲಿಟ್ಟಿದ್ದ. ಗೊತ್ತಿರಬೇಕಾದದ್ದು ಗೊತ್ತಿಲ್ಲದೆ ಇದ್ದದ್ದು ನನಗೆ.

ಓದುತ್ತಾ ಹೋದಂತೆ ಬರೀ ಪರದೇಶದ ಹೆಸರುಗಳೇ ಬರುತ್ತಿದ್ದವು. ಒಂದು ಘಟಕದಲ್ಲಿ ಮಾತ್ರ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಮಾತು ಸಿಕ್ಕಿ ಎದ್ದು ಕೂತೆ. ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್. ಎಸ್. ಪ್ರಭು, ಬೆಂಗಳೂರಿನ ಪ್ರಾದೇಶಿಕ ಸಂಸ್ಥೆಯ ಜೊತೆ ಸೇರಿ 1979ರಿಂದ 1984ರವರೆಗೆ ಬೆಂಗಳೂರು, ಮದರಾಸು, ಕಡಲೂರುಗಳ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ. ಅಲ್ಲಿ ವ್ಯಾಕರಣದ ಪಟ್ಟಿಯಿಲ್ಲ, ಬಾಯಿಪಾಠವಿಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ, ದುಡ್ಡಿನ ಲೆಕ್ಕ ಇಂಥವನ್ನು ಮಕ್ಕಳ ಮುಂದಿಟ್ಟು ಸಮಸ್ಯೆ ಕೊಡುವುದು. ಮೊದಲು ಮೇಷ್ಟ್ರು ಇಡೀ ತರಗತಿಯ ಜೊತೆ ಅಂಥದೇ ಒಂದನ್ನು ಬಿಡಿಸುತ್ತಾರೆ, ಆಮೇಲೆ ಮಕ್ಕಳು ತಾವೇ ಬಿಡಿಸುತ್ತಾರೆ. ಮನಸ್ಸು ಅರ್ಥದ ಮೇಲೆ ನೆಟ್ಟಿದ್ದಾಗ ವ್ಯಾಕರಣ ತಾನಾಗಿ ಒಳಗೆ ಕೂರುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಉತ್ತರ ಸರಿಯಿದ್ದರೆ ಸಾಕು, ವಾಕ್ಯದ ತಪ್ಪನ್ನು ಮೇಷ್ಟ್ರು ತಮ್ಮ ಮಾತಿನಲ್ಲೇ ತಿದ್ದಿ ಮುಂದೆ ಹೋಗುತ್ತಾರೆ. 1987ರಲ್ಲಿ ಇದರ ಬಗ್ಗೆ ಅವರು ಬರೆದ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಜಿ’ ಎಂಬ ಪುಸ್ತಕ ಬಂತು. ಇಂದು ಜಗತ್ತಿನ ಎಲ್ಲೇ ಆಗಲಿ, ಕಾರ್ಯಾಧಾರಿತ ಭಾಷಾ ಕಲಿಕೆಯ ಚರಿತ್ರೆ ಹೇಳುವವರು ಬೆಂಗಳೂರನ್ನು ದಾಟಿ ಹೋಗಲಾರರು.

ಆ ಇಸವಿಗಳನ್ನು ಇನ್ನೊಮ್ಮೆ ನೋಡಿ. ಅದೇ ಬೆಂಗಳೂರಿನಲ್ಲಿ ಅದೇ ಹೊತ್ತಿಗೆ ಇನ್ನೊಂದು ಭಾಷಾ ಪ್ರಶ್ನೆ ಕುದಿಯುತ್ತಿತ್ತು. ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆರಿಸಿಕೊಂಡು ಕನ್ನಡದ ಗೋಜಿಗೇ ಹೋಗದೆ ಹೈಸ್ಕೂಲು ಮುಗಿಸಬಹುದಾಗಿದ್ದ ಕಾಲ ಅದು. ವಿ. ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿ 1981ರ ಜನವರಿಯಲ್ಲಿ ವರದಿ ಕೊಟ್ಟು, ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಲಿ ಎಂದಿತು. 1982ರಲ್ಲಿ ರಾಜ್‌ಕುಮಾರ್ ಚಳವಳಿಗೆ ಇಳಿದಾಗ ನಾನು ಹೈಸ್ಕೂಲು ಹುಡುಗ. ನಮ್ಮೂರಿನ ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಕೂಗಿದ್ದೆ. ಮರುದಿನ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಹಿಂದಿನ ಬೆಂಚಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆ.

ಹೈದರಾಬಾದಿನಲ್ಲಿ ನನಗೆ ತಿಳಿದ ಇನ್ನೊಂದು ಸಂಗತಿ: ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಆ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು ಇದೇ ಗೋಕಾಕರು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು, ದೇಶಕ್ಕೆಲ್ಲ ಇಂಗ್ಲಿಷ್ ಮೇಷ್ಟ್ರುಗಳನ್ನು ತಯಾರು ಮಾಡುವ ಮನೆಯ ಯಜಮಾನಿಕೆ ಮಾಡಿದವರು. ಅವರ ಹೆಸರಿನ ವರದಿಗಾಗಿ ನಾವು ಬೀದಿಯಲ್ಲಿ ಕೂಗಿದ್ದೆವು. ಮೊದಲು ಇದು ವಿಚಿತ್ರ ಅನ್ನಿಸಿತು. ಈಗ ಅನ್ನಿಸುವುದಿಲ್ಲ. ಗೋಕಾಕ್ ವರದಿಗೂ ಪ್ರಭು ಅವರ ಪ್ರಯೋಗಕ್ಕೂ ನೇರ ಸಂಬಂಧವಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ನನಗೆ ಕಂಡದ್ದು ಒಂದೇ ಮಾತು: ಮಗು ಬರಿಗೈಯಲ್ಲಿ ಶಾಲೆಗೆ ಬರುವುದಿಲ್ಲ. ಕನ್ನಡದ ಕಾಲು ಗಟ್ಟಿಯಿರಲಿ ಎಂಬುದು ಇಂಗ್ಲಿಷಿನ ಮೇಲಿನ ದ್ವೇಷವಲ್ಲ. ಇಂಗ್ಲಿಷ್ ಚೆನ್ನಾಗಿ ಕಲಿಯಲಿ ಎಂಬುದು ಕನ್ನಡದ ಮೇಲಿನ ತಾತ್ಸಾರವೂ ಅಲ್ಲ.

ಊರಿಗೆ ಮರಳಿದ ಮೇಲೆ ಒಂದು ದಿನ ಬಸ್‌ಸ್ಟ್ಯಾಂಡಿನ ವೇಳಾಪಟ್ಟಿಯನ್ನು ಬರೆದುಕೊಂಡು ಬಂದು ಬೋರ್ಡಿನ ಮೇಲೆ ಹಾಕಿದೆ. “ನಿಮ್ಮ ಮಾವ ಬೆಂಗಳೂರಿನಲ್ಲಿ ಆಸ್ಪತ್ರೆ ಸೇರಿದ್ದಾರೆ. ಬೆಳಿಗ್ಗೆ ಹತ್ತಕ್ಕೆ ಅಲ್ಲಿರಬೇಕು, ಯಾವ ಬಸ್ಸು?” ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಹುಡುಗರು ಕನ್ನಡದಲ್ಲೇ ಜಗಳಕ್ಕೆ ಬಿದ್ದರು, ನಾನು ತಡೆಯಲಿಲ್ಲ. ಕೊನೆಗೆ ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು, “ಸಿಕ್ಸ್ ಥರ್ಟಿ ಬಸ್ ಲೇಟ್ ಸಾರ್. ಫೈವ್ ಓ ಕ್ಲಾಕ್ ಬಸ್ ಗುಡ್” ಅಂದಳು. “ಯೆಸ್, ದಿ ಫೈವ್ ಓ ಕ್ಲಾಕ್ ಬಸ್ ಈಸ್ ಗುಡ್” ಅಂದೆ. ಯಾರೂ ನಗಲಿಲ್ಲ.

ಇದರಿಂದ ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾದೀತು. ಬೋರ್ಡ್ ಪರೀಕ್ಷೆ ಹಳೆಯ ಪ್ರಶ್ನೆಗಳನ್ನೇ ಕೇಳುತ್ತಿತ್ತು, ಡಿಸೆಂಬರ್ ಬಂತೆಂದರೆ ನಾನೂ ಬಾಯಿಪಾಠಕ್ಕೆ ಇಳಿಯುತ್ತಿದ್ದೆ. ಎಲ್ಲರಿಗೂ ಎಲ್ಲೆಡೆಗೂ ಒಪ್ಪುವ ಒಂದೇ ಅತ್ಯುತ್ತಮ ವಿಧಾನ ಇಲ್ಲ ಎಂದು ಪ್ರಭು ಅವರೇ 1990ರಲ್ಲಿ ಒಂದು ಲೇಖನದಲ್ಲಿ ವಾದಿಸಿದ್ದಾರೆ. ತಾನು ಮಾಡುತ್ತಿರುವುದು ಹೇಗೆ ಕಲಿಕೆಯಾಗುತ್ತದೆ ಎಂಬ ಅರಿವು ಮೇಷ್ಟ್ರೊಳಗೆ ಜೀವಂತವಾಗಿರಬೇಕು, ಅಷ್ಟೇ.

ಬಡ್ತಿ ಬರುವುದಕ್ಕೆ ಇನ್ನೂ ಒಂಬತ್ತು ವರ್ಷ ಹಿಡಿಯಿತು. ಕೋರ್ಸಿನಿಂದ ಬೇಗ ದಕ್ಕಿದ್ದು ಬೇರೆ. ಕೆಂಪು ಪೆನ್ನು ಜೇಬಿನಲ್ಲೇ ಇರುತ್ತಿತ್ತು. ಅದನ್ನು ತೆಗೆಯುವ ಮುಂಚೆ, ಈ ಮಗು ಕನ್ನಡದಲ್ಲಿ ಇದನ್ನು ಹೇಗೆ ಹೇಳುತ್ತಿತ್ತು ಎಂದು ಒಮ್ಮೆ ಮನಸ್ಸಿನಲ್ಲೇ ಹೇಳಿಕೊಂಡು ನೋಡುತ್ತಿದ್ದೆ. ಆ ಹುಡುಗನ ಪಾಲಿಗೆ ಅದು ತಡವಾಗಿತ್ತು.